ಮೀನೆಣ್ಣೆಯ ಡಬ್ಬಿ, ತಿಂಗಳ ನೋವು

ಕೆಳಗಿನ ಮಹಡಿಯ ತಾಯಿ ಮೊನ್ನೆ ಸಂಜೆ ಬಾಗಿಲು ತಟ್ಟಿ ಒಳಗೆ ಬಂದರು. ಕದ ಮುಚ್ಚಿದ ಮೇಲೆ ದುಪಟ್ಟಾದ ಮರೆಯಿಂದ ಒಂದು ಬಿಳಿ ಡಬ್ಬಿ ತೆಗೆದು ನನ್ನ ಕೈಗಿಟ್ಟರು. ಅವರು ಕಲಬುರಗಿ ಕಡೆಯವರು. ಮನೆಯಲ್ಲಿ ದಖ್ಖನಿ ಉರ್ದು. ಮುಂಬ್ರಾದ ಈ ಕಟ್ಟಡದಲ್ಲಿ ಅವರಿಗೆ ಕನ್ನಡ ಆಡಲು ನಾನೊಬ್ಬಳು, ನನಗೆ ಅವರೊಬ್ಬರು. “ಅಕ್ಕಾರೆ, ಇದು ತಗೊಂಡ್ರ ಹುಡುಗಿ ಹೊಟ್ಟಿಬ್ಯಾನಿ ಕಡಿಮಿ ಆಗ್ತದಂತ. ಖರೇ ಏನು?” ಡಬ್ಬಿಯೊಳಗೆ ಜೇನಿನ ಬಣ್ಣದ ಅರವತ್ತು ಮೀನೆಣ್ಣೆ ಮಾತ್ರೆ.

ಹುಡುಗಿಗೆ ಹದಿನೇಳು. ಡೊಂಬಿವಲಿಯ ಕಾಲೇಜಿಗೆ ಲೋಕಲ್‌ನಲ್ಲಿ ಹೋಗಿಬರುತ್ತಾಳೆ. ಮುಟ್ಟಿನ ಮೊದಲ ದಿನ ಅವಳು ಮಂಚದ ಮೇಲೆ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮುದುಡಿ ಮಲಗುವುದನ್ನು ನಾನೇ ನೋಡಿದ್ದೇನೆ. ವಾಂತಿ, ಭೇದಿ, ಹಣೆಯಲ್ಲಿ ತಣ್ಣನೆ ಬೆವರು. ಮೆಡಿಕಲ್‌ನವನು ಕೊಡುವ ಮೆಫ್ಟಾಲ್ ಸ್ಪಾಸ್ ನುಂಗಿ ಎರಡು ತಾಸು ನಿದ್ದೆ ಮಾಡಿ ಎದ್ದರೆ ಅವಳ ಅಂದಿನ ದಿನ ಮುಗಿದಂತೆ. ತಾಯಿಗೆ ಇನ್ನೊಂದು ಸಂಶಯವೂ ಇತ್ತು. ಮಾತ್ರೆಯ ಮೆತ್ತನೆಯ ಹೊದಿಕೆ ಯಾವ ಪ್ರಾಣಿಯದು, ತಿನ್ನಬಹುದೇ, ಹಲಾಲೇ? ಅಂಗಡಿಯವನನ್ನು ಕೇಳಲು ನಾಚಿಕೆ. ಗಂಡನನ್ನು ಕೇಳಲು ಇನ್ನೂ ನಾಚಿಕೆ.

ಎರಡೂ ಪ್ರಶ್ನೆ ನ್ಯಾಯವಾದವು. ಎರಡಕ್ಕೂ ಹೌದು, ಇಲ್ಲ ಎಂಬ ಒಂದೇ ಮಾತಿನ ಉತ್ತರ ಇಲ್ಲ. ಆ ಸಂಜೆಯಿಂದ ನಾನು ಓದಿದ್ದನ್ನೂ ಯೋಚಿಸಿದ್ದನ್ನೂ ಇಂದಿನ ಈ ಅಂಕಣದಲ್ಲಿ ಹೇಳಬೇಕೆನಿಸಿತು. ಇಂಥ ಡಬ್ಬಿ ಈಗ ಠಾಣೆ, ಕಲ್ಯಾಣ, ನವಿ ಮುಂಬಯಿಯ ಎಷ್ಟೋ ಮನೆಗಳ ಕಪಾಟು ಸೇರಿದೆ. ಅದರ ಹಿಂಬದಿಯ ಸಣ್ಣ ಅಕ್ಷರ ಓದುವವರು ಕಡಿಮೆ.

ಮುಂಬ್ರಾದ ಸ್ಟೇಷನ್ ಬಲ್ಲವರಿಗೆ ಗೊತ್ತು. ಫಾಸ್ಟ್ ಗಾಡಿಗಳು ಬಹುತೇಕ ಇಲ್ಲಿ ನಿಲ್ಲದೆ ಹೋಗುತ್ತವೆ. ನಮಗೆ ಉಳಿಯುವುದು ಖಾಡಿಯ ಬದಿಯಲ್ಲಿ ಬಳಸಿ ಬರುವ ಸ್ಲೋ ಲೋಕಲ್. ಬೆಳಿಗ್ಗೆ ಎಂಟಕ್ಕೆ ಅದು ಕಲ್ಯಾಣ, ಡೊಂಬಿವಲಿ, ದಿವಾಗಳಲ್ಲಿ ತುಂಬಿಕೊಂಡೇ ಬರುತ್ತದೆ. ಲೇಡೀಸ್ ಡಬ್ಬಿಯಲ್ಲಿ ಕೂರುವ ಮಾತು ದೂರ, ಎರಡೂ ಪಾದ ಊರಲು ಜಾಗ ಸಿಕ್ಕರೆ ಪುಣ್ಯ. 2025ರ ಜೂನ್ 9ರ ಬೆಳಿಗ್ಗೆ ದಿವಾ ಮತ್ತು ಮುಂಬ್ರಾ ನಡುವಿನ ತಿರುವಿನಲ್ಲಿ, ಬಾಗಿಲಿಗೆ ಜೋತುಬಿದ್ದಿದ್ದ ಪ್ರಯಾಣಿಕರು ಹಳಿಗೆ ಬಿದ್ದು ಪ್ರಾಣ ಕಳೆದುಕೊಂಡರು. ಅಂಥ ಗಾಡಿಯಲ್ಲಿ, ಕೆಳಹೊಟ್ಟೆಯನ್ನು ಒಳಗಿನಿಂದ ಯಾರೋ ಹಿಂಡುತ್ತಿರುವಾಗ, ಒಂದು ಕೈಯಲ್ಲಿ ಮೇಲಿನ ಹಿಡಿ ಹಿಡಿದು, ಇನ್ನೊಂದು ಕೈಯಲ್ಲಿ ಬ್ಯಾಗನ್ನು ಹೊಟ್ಟೆಗೆ ಒತ್ತಿಕೊಂಡು ನಿಲ್ಲುವ ಹುಡುಗಿಯರು ದಿನವೂ ಇದ್ದಾರೆ. ನಾನೂ ವರ್ಷಗಟ್ಟಲೆ ಹಾಗೆ ನಿಂತಿದ್ದೇನೆ. ಪಕ್ಕದವಳ ಮುಖ ಬಿಳಿಚಿದ್ದು ಕಂಡರೆ ನಮಗೆಲ್ಲ ಅರ್ಥವಾಗುತ್ತಿತ್ತು. ಯಾರಾದರೂ ಎದ್ದು ಜಾಗ ಕೊಡುತ್ತಿದ್ದರು. ಏನಾಗಿದೆ ಎಂದು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ.

ನನ್ನ ಊರು ಗಂಗೊಳ್ಳಿಯ ಕಡೆ. ಮನೆಯ ಹಿಂದೆ ಹತ್ತು ಮಾರು ನಡೆದರೆ ಕಡಲು. ಹದಿನಾಲ್ಕರ ವಯಸ್ಸಿನಲ್ಲಿ ನೋವು ತಾಳಲಾರದೆ ಅತ್ತಾಗ ಅಮ್ಮ ಓಮದ ಕಷಾಯ ಕುಡಿಸಿ, ಬೆನ್ನು ನೀವುತ್ತ, “ಹೆಣ್ಣಾಗ್ ಹುಟ್ಟಿದ್ ಮೇಲೆ ಇದೆಲ್ಲ ಇಪ್ದೇ ಮಗಾ” ಎಂದಿದ್ದರು. ಅಕ್ಕರೆಯಿಂದಲೇ ಹೇಳಿದ ಮಾತು ಅದು. ಅವರ ಅಮ್ಮನೂ ಅವರಿಗೆ ಹಾಗೆಯೇ ಹೇಳಿದ್ದಿರಬೇಕು. ಆ ಮೂರು ದಿನ ನನಗೆ ಮೀನು ಕೊಡುತ್ತಿರಲಿಲ್ಲ. ಬಂಗುಡೆ ಉಷ್ಣ, ಮೀನು ತಿಂದರೆ ವಾಸನೆ, ರಕ್ತ ಹೆಚ್ಚು ಹೋಗುತ್ತದೆ ಎಂಬ ನಂಬಿಕೆ. ಗಂಜಿ, ಉಪ್ಪಿನಕಾಯಿ, ಮೂಲೆಯ ಚಾಪೆ, ಇಷ್ಟೇ. ಮಳೆಗಾಲಕ್ಕೆ ಮೊದಲು ಅಂಗಳದ ಆಚೆ ದೋಣಿ ಮಗುಚಿ ಹಾಕಿ, ಮರಕ್ಕೆ ಮೀನೆಣ್ಣೆ ಬಳಿಯುತ್ತಿದ್ದರು. ಬೂತಾಯಿಯ ಎಣ್ಣೆ, ನಮ್ಮ ಕಡೆ ಬೈಗೆ ಎನ್ನುವ ಮೀನಿನದು. ಆ ವಾಸನೆ ಇಡೀ ಕೇರಿಗೆ ಹರಡುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಮಲಗಿದ ನನಗೆ ಆ ವಾಸನೆಯಿಂದ ಇನ್ನಷ್ಟು ಓಕರಿಕೆ. ಅದೇ ಎಣ್ಣೆಯನ್ನು ಶುದ್ಧಮಾಡಿ ಮಾತ್ರೆಗೆ ತುಂಬಿ ಅದೇ ನೋವಿಗೆ ಮಾರುವ ಕಾಲ ಬರುತ್ತದೆಂದು ಆ ಕೇರಿಯಲ್ಲಿ ಯಾರು ನೆನೆಸಿದ್ದರು?

ಆ ನೋವು ಎಲ್ಲಿಂದ ಬರುತ್ತದೆ ಎಂಬುದು ವೈದ್ಯಲೋಕಕ್ಕೂ ಬಹಳ ಕಾಲ ತಿಳಿದಿರಲಿಲ್ಲ. ಹೆಂಗಸಿನ ನರದೌರ್ಬಲ್ಯ, ಮನಸ್ಸಿನ ಕಾಯಿಲೆ ಎಂದು ಪುಸ್ತಕಗಳಲ್ಲೇ ಬರೆದಿಡುತ್ತಿದ್ದರು. 1957ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಪಿಕಲ್ಸ್ ಎಂಬ ವಿಜ್ಞಾನಿ ಮುಟ್ಟಿನ ಸ್ರಾವವನ್ನೇ ಪರೀಕ್ಷಿಸಿ, ಸ್ನಾಯುವನ್ನು ಬಿಗಿಯುವ ವಸ್ತುವೊಂದು ಅದರಲ್ಲಿದೆ ಎಂದು ತೋರಿಸಿದರು. ಆ ವಸ್ತುಗಳ ಬಳಗಕ್ಕೆ ಪ್ರೊಸ್ಟಗ್ಲಾಂಡಿನ್ ಎಂದು ಹೆಸರು. ಇವುಗಳ ಒಳಗುಟ್ಟು ಬಿಡಿಸಿದ ಬೆರ್ಗ್‌ಸ್ಟ್ರೋಮ್, ಸ್ಯಾಮುಯೆಲ್ಸನ್, ಜಾನ್ ವೇನ್ ಮೂವರಿಗೆ 1982ರಲ್ಲಿ ನೊಬೆಲ್ ಬಂತು. ನನ್ನ ಅಮ್ಮ ಆ ಮಾತು ಹೇಳುವ ಹೊತ್ತಿಗೆ ಉತ್ತರ ಜಗತ್ತಿನಲ್ಲಿತ್ತು. ನಮ್ಮ ಕೇರಿಗೆ ಅದು ಬಂದಿರಲಿಲ್ಲ, ಅಷ್ಟೇ.

ಆಗುವುದಿಷ್ಟು. ಮುಟ್ಟಿಗೆ ತುಸು ಮುಂಚೆ ಪ್ರೊಜೆಸ್ಟರಾನ್ ಇಳಿಯುತ್ತದೆ. ಗರ್ಭಕೋಶದ ಒಳಪದರದ ಜೀವಕೋಶಗಳ ಗೋಡೆಯಿಂದ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬು ಕಳಚಿ ಹೊರಬರುತ್ತದೆ. ಒಂದು ಕಿಣ್ವ ಅದನ್ನು ಪ್ರೊಸ್ಟಗ್ಲಾಂಡಿನ್ ಆಗಿ ಮಾರ್ಪಡಿಸುತ್ತದೆ. ಅದು ಹೆಚ್ಚಾದಷ್ಟೂ ಗರ್ಭಕೋಶದ ಸ್ನಾಯು ಗಟ್ಟಿಯಾಗಿ ಹಿಂಡುತ್ತದೆ, ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ, ರಕ್ತ ಸಿಗದ ಸ್ನಾಯು ನೋಯುತ್ತದೆ. ಅದೇ ವಸ್ತು ಕರುಳನ್ನೂ ಕೆಣಕುವುದರಿಂದ ವಾಂತಿ, ಭೇದಿ. ಕೆಳಗಿನ ಮನೆಯ ಹುಡುಗಿ ಅನುಭವಿಸುವುದು ಚಾಚೂ ತಪ್ಪದೆ ಇದನ್ನೇ.

ತಾಯಿಗೆ ನಾನು ಇದನ್ನು ಹಿಟ್ಟಿನ ಗಿರಣಿಯ ಲೆಕ್ಕದಲ್ಲಿ ಹೇಳಿದೆ. ಆ ಕಿಣ್ವ ಒಂದು ಗಿರಣಿ. ಯಾವ ಕಾಳು ಹಾಕಿದರೆ ಆ ಹಿಟ್ಟು. ಮೆಫ್ಟಾಲ್, ಐಬುಪ್ರೊಫೇನ್‌ನಂಥ ಮಾತ್ರೆಗಳು ಗಿರಣಿಯನ್ನೇ ಕೆಲವು ತಾಸು ನಿಲ್ಲಿಸುತ್ತವೆ. ಮೀನೆಣ್ಣೆ ಗಿರಣಿ ನಿಲ್ಲಿಸುವುದಿಲ್ಲ, ಕಾಳು ಬದಲಿಸುತ್ತದೆ. ಮೀನಿನ ಕೊಬ್ಬಿನಲ್ಲಿರುವ ಒಮೆಗಾ 3, ಅದರಲ್ಲೂ ಇಪಿಎ ಎಂಬುದು, ಜೀವಕೋಶದ ಗೋಡೆಯಲ್ಲಿ ಅರಾಕಿಡೋನಿಕ್ ಆಮ್ಲದ ಜಾಗಕ್ಕೆ ಮೆಲ್ಲಗೆ ಸೇರಿಕೊಳ್ಳುತ್ತದೆ. ಅದರಿಂದ ಹುಟ್ಟುವ ಪ್ರೊಸ್ಟಗ್ಲಾಂಡಿನ್‌ಗೆ ಹಿಂಡುವ ಬಲ ಕಡಿಮೆ. ಕಲಬುರಗಿಯ ತಾಯಿ ಕೂಡಲೇ ಹಿಡಿದರು. “ಹಂಗಾದ್ರ ಬ್ಯಾನಿ ಬಂದ ದಿನ ನುಂಗಿದ್ರ ಏನೂ ಉಪಯೋಗಿಲ್ಲ.” ಅವರ ಮಾತು ಸರಿ. ಗೋಡೆಯ ಇಟ್ಟಿಗೆ ಬದಲಾಗಲು ವಾರಗಳು ಬೇಕು. ಮೀನೆಣ್ಣೆ ತಿಂಗಳಿಡೀ, ಕನಿಷ್ಠ ಎರಡು ಮೂರು ತಿಂಗಳು ದಿನವೂ ಹೊಟ್ಟೆಗೆ ಹೋಗಬೇಕು. ನೋವು ಬಂದಾಗ ಒಂದು ನುಂಗಿ ಪ್ರಯೋಜನವಿಲ್ಲವೆಂದು ಡಬ್ಬಿ ಮೂಲೆಗಿಟ್ಟವರು ಪರೀಕ್ಷೆಯನ್ನೇ ಮಾಡಿಲ್ಲ.

ಹೀಗೆ ಆಗಬಹುದು ಎಂಬುದು ಒಂದು. ಆಯಿತೇ ಎಂಬುದು ಇನ್ನೊಂದು. 1995ರಲ್ಲಿ ಡೆನ್ಮಾರ್ಕಿನಲ್ಲಿ 181 ಹೆಂಗಸರ ಊಟ ಮತ್ತು ಮುಟ್ಟಿನ ನೋವನ್ನು ಕೇಳಿ ಬರೆದುಕೊಂಡ ಅಧ್ಯಯನದಲ್ಲಿ, ಮೀನಿನ ಕೊಬ್ಬು ಕಡಿಮೆ ತಿನ್ನುವವರಲ್ಲಿ ನೋವು ಹೆಚ್ಚು ಕಂಡಿತ್ತು. ಮರುವರ್ಷ ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ ನಮ್ಮ ಹುಡುಗಿಯ ವಯಸ್ಸಿನ 42 ಹುಡುಗಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ತಿಂಗಳು ಮೀನೆಣ್ಣೆ, ಆಮೇಲೆ ಎರಡು ತಿಂಗಳು ಸುಳ್ಳು ಮಾತ್ರೆ. ಇನ್ನೊಂದಕ್ಕೆ ಮೊದಲು ಸುಳ್ಳು ಮಾತ್ರೆ, ಆಮೇಲೆ ಮೀನೆಣ್ಣೆ. ನೋವು, ವಾಂತಿ, ಸುಸ್ತು ಎಲ್ಲವನ್ನೂ ಅಂಕಿಯಲ್ಲಿ ಅಳೆದಾಗ, 69.9 ಇದ್ದದ್ದು ಮೀನೆಣ್ಣೆಯ ಎರಡು ತಿಂಗಳ ನಂತರ 44ಕ್ಕೆ ಇಳಿದಿತ್ತು. ನೋವು ಮಾಯವಾಗಲಿಲ್ಲ. ಇಳಿಯಿತು. ನೋವು ಉಂಡವಳಿಗೆ ಆ ಇಳಿಕೆಯ ಬೆಲೆ ಗೊತ್ತು: ಶಾಲೆಗೆ ಹೋಗಲಾರದ ದಿನಕ್ಕೂ ಹೋಗಬಹುದಾದ ದಿನಕ್ಕೂ ಇರುವ ಅಂತರ ಅದು.

ಆದರೆ 42 ಎಂದರೆ ಒಂದು ತರಗತಿಯ ಮಕ್ಕಳು. ಮುಂದೆ ಇರಾನಿನಲ್ಲಿ ಇಂಥವೇ ಕೆಲವು ಪರೀಕ್ಷೆಗಳು ನಡೆದವು, ಒಲವು ಅದೇ ಕಡೆ ಇತ್ತು. 2016ರಲ್ಲಿ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಬಳಗ ಮುಟ್ಟಿನ ನೋವಿಗೆ ಕೊಡುವ ಎಲ್ಲ ಬಗೆಯ ಪೂರಕಗಳ ಮೇಲಿನ 27 ಪರೀಕ್ಷೆಗಳನ್ನು, 3101 ಹೆಂಗಸರ ಮಾಹಿತಿಯನ್ನು ಒಟ್ಟಿಗೆ ತೂಗಿ ನೋಡಿತು. ಗಟ್ಟಿ ಪುರಾವೆ ಯಾವುದಕ್ಕೂ ಇಲ್ಲ ಎಂದಿತು. ದುರ್ಬಲವಾದ ಪುರಾವೆ ಕೆಲವಕ್ಕೆ ಇದೆ, ಇನ್ನಷ್ಟು ದೊಡ್ಡ ಪರೀಕ್ಷೆ ಮಾಡುವುದು ಯೋಗ್ಯ ಎಂದೂ ಹೇಳಿತು. ಆ ಕೆಲವುಗಳಲ್ಲಿ ಮೀನೆಣ್ಣೆ ಇದೆ. ಜೊತೆಗೆ ಶುಂಠಿ ಇದೆ, ಮೆಂತ್ಯ ಇದೆ, ಬಿ1 ಜೀವಸತ್ವ ಇದೆ. ಬಿ1ರ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ದೇಶದಲ್ಲೇ, 556 ಹುಡುಗಿಯರ ಮೇಲೆ, 1996ರಲ್ಲಿ ಪ್ರಕಟವಾದದ್ದು: ದಿನಕ್ಕೆ 100 ಮಿಲಿಗ್ರಾಂನಂತೆ ತೊಂಬತ್ತು ದಿನ. ಬಹುಪಾಲು ಹುಡುಗಿಯರ ನೋವು ಹೋಯಿತೆಂದು ಅದರ ವರದಿ. ಅಷ್ಟು ಅಗ್ಗದ ಮಾತ್ರೆ ಅಷ್ಟು ಕೆಲಸ ಮಾಡಿದ್ದು ನಿಜವಾದರೆ, ಈ ಮೂವತ್ತು ವರ್ಷಗಳಲ್ಲಿ ಅದನ್ನು ಪ್ರತಿ ರಾಜ್ಯದ ಶಾಲೆಗಳಲ್ಲೂ ಮತ್ತೆ ಪರೀಕ್ಷಿಸಿ ನೋಡಬೇಕಿತ್ತು. ಇದು ಕೋಟಿಗಟ್ಟಲೆ ಹೆಣ್ಣುಮಕ್ಕಳ ಪ್ರತಿ ತಿಂಗಳ ನೋವು. ಅದಕ್ಕೆ ಸಿಕ್ಕ ಪರೀಕ್ಷೆಗಳು ಬೆರಳೆಣಿಕೆ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಈಗ ಡಬ್ಬಿಯ ಹಿಂಬದಿಗೆ ಬರೋಣ. ಮುಂದೆ ದೊಡ್ಡ ಅಕ್ಷರದಲ್ಲಿ “1000 ಎಂಜಿ ಫಿಶ್ ಆಯಿಲ್” ಎಂದಿತ್ತು. ಕನ್ನಡಕ ಹಾಕಿ ತಿರುಗಿಸಿದರೆ ಇಪಿಎ 180, ಒಮೆಗಾ 3ರ ಇನ್ನೊಂದು ಬಗೆಯಾದ ಡಿಎಚ್‌ಎ 120. ಎಂದರೆ ಸಾವಿರ ಮಿಲಿಗ್ರಾಂ ಎಣ್ಣೆಯಲ್ಲಿ ಕೆಲಸದ ಒಮೆಗಾ 3 ಇರುವುದು ಮುನ್ನೂರು, ಉಳಿದದ್ದು ಬರೀ ಬೇರೆ ಕೊಬ್ಬು. ಪೇಟೆಯ ಸಾಮಾನ್ಯ ಮಾತ್ರೆಗಳಲ್ಲಿ ಬಹಳಷ್ಟು ಇದೇ ಅಳತೆಯವು. ಸಿನ್ಸಿನಾಟಿಯ ಹುಡುಗಿಯರಿಗೆ ದಿನಕ್ಕೆ ಕೊಟ್ಟದ್ದು ಇಪಿಎ 1080, ಡಿಎಚ್‌ಎ 720, ಒಟ್ಟು 1800. ಭಾಗಿಸಿ ನೋಡಿ: ಆ ಅಳತೆಗೆ ಈ ಮಾತ್ರೆ ದಿನಕ್ಕೆ ಆರು ಬೇಕು. ಡಬ್ಬಿಯ ಮೇಲೆ ದಿನಕ್ಕೆ ಒಂದು ಅಥವಾ ಎರಡು ಎಂದು ಬರೆದಿದೆ. ಒಂದು ನುಂಗಿದರೆ ಪರೀಕ್ಷೆಯಲ್ಲಿ ಫಲ ಕಂಡ ಅಳತೆಯ ಆರನೇ ಒಂದು ಪಾಲು. ಆರು ನುಂಗಿದರೆ ಅರವತ್ತರ ಡಬ್ಬಿ ಹತ್ತೇ ದಿನಕ್ಕೆ ಖಾಲಿ. ಇರಾನಿನ ಕೆಲವು ಪರೀಕ್ಷೆಗಳಲ್ಲಿ ದಿನಕ್ಕೊಂದು ಮಾತ್ರೆಯಿಂದಲೂ ಗುಣ ಕಂಡಿದೆ, ಆದ್ದರಿಂದ ಆರೇ ಬೇಕೆಂದು ನಾನು ಹೇಳುವುದಿಲ್ಲ. ಡಾಕ್ಟರನ್ನು ಕೇಳದೆ ಆರು ನುಂಗಿ ಎಂದಂತೂ ಹೇಳುವುದೇ ಇಲ್ಲ. ಮುಂದಿನ ದೊಡ್ಡ ಅಂಕಿ ನೋಡಿ ದುಡ್ಡು ಕೊಡಬೇಡಿ, ಹಿಂದಿನ ಎರಡು ಸಣ್ಣ ಅಂಕಿ ಕೂಡಿಸಿ ಕೊಡಿ ಎಂದಷ್ಟೇ ನನ್ನ ಮಾತು.

ತಾಯಿ ಆ ಲೆಕ್ಕ ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಹೊಲಿಗೆಯ ಚಿಲ್ಲರೆ ಕೆಲಸದ ದುಡ್ಡಿನಿಂದ ಕೊಂಡ ಡಬ್ಬಿ ಅದು.

ಹೊದಿಕೆಯ ಪ್ರಶ್ನೆಗೂ ಉತ್ತರ ಹಿಂಬದಿಯಲ್ಲೇ ಇರಬೇಕು, ಹಲವು ಡಬ್ಬಿಗಳಲ್ಲಿ ಇರುವುದಿಲ್ಲ. ಮೆತ್ತನೆ ಮಾತ್ರೆಯ ಸಿಪ್ಪೆ ಜೆಲಟಿನ್. ಅದು ದನದ್ದಿರಬಹುದು, ಹಂದಿಯದಿರಬಹುದು, ಮೀನಿನದೂ ಇರಬಹುದು. ಮೂಲ ಬರೆಯದ ಡಬ್ಬಿಯನ್ನು ಮುಂಬ್ರಾದ ಮುಸ್ಲಿಂ ತಾಯಿ ಕೊಳ್ಳಲು ಅಳುಕುತ್ತಾರೆ, ಡೊಂಬಿವಲಿಯ ಬ್ರಾಹ್ಮಣ ಮನೆಯ ಅಜ್ಜಿಯೂ ಅಳುಕುತ್ತಾರೆ. ಇಬ್ಬರದೂ ಒಂದೇ ಹಕ್ಕು: ಬಾಯಿಗೆ ಹಾಕುವುದು ಏನೆಂದು ತಿಳಿಯುವುದು. ಸಸ್ಯಾಹಾರಿಗಳಿಗೆ ಪಾಚಿಯಿಂದ ತೆಗೆದ ಎಣ್ಣೆಯ ಮಾತ್ರೆ ಇದೆ. ಮೀನಿಗೂ ಒಮೆಗಾ 3 ಬರುವುದು ಮೂಲದಲ್ಲಿ ಕಡಲ ಪಾಚಿಯಿಂದಲೇ. ಬೆಲೆ ಮಾತ್ರ ಹೆಚ್ಚು. ನಮ್ಮ ಉತ್ತರ ಕರ್ನಾಟಕದ ಅಗಸೆ ಹಿಂಡಿ ಒಳ್ಳೆಯ ಆಹಾರ, ದಿನವೂ ತಿನ್ನಲಿ. ಆದರೆ ಅಗಸೆಯ ಒಮೆಗಾ 3 ಬೇರೆ ಜಾತಿಯದು, ದೇಹ ಅದನ್ನು ಇಪಿಎ ಆಗಿ ಮಾರ್ಪಡಿಸುವುದು ಅತ್ಯಲ್ಪ.

ಮೀನು ತಿನ್ನುವ ಮನೆಯವರಿಗೆ ನಾನು ಡಬ್ಬಿಗಿಂತ ಮೊದಲು ಬೂತಾಯಿಯ ಹೆಸರು ಹೇಳುತ್ತೇನೆ. ಇಲ್ಲಿ ಮರಾಠಿಯಲ್ಲಿ ತಾರ್ಲಿ ಎಂದು ಕೇಳಬೇಕು. ಮಳೆಗಾಲ ಕಳೆದ ಮೇಲೆ ಬರುವ ಕೊಬ್ಬಿದ ಬೂತಾಯಿ ನೂರು ಗ್ರಾಂ ತಿಂದರೆ ಒಂದು ಗ್ರಾಂಗೆ ಕಡಿಮೆಯಿಲ್ಲದಷ್ಟು ಒಮೆಗಾ 3 ಸಿಗುತ್ತದೆ. ಅಂಥ ಮೂರು ನಾಲ್ಕು ಸಾಮಾನ್ಯ ಮಾತ್ರೆಗೆ ಅದು ಸಮ. ಜೊತೆಗೆ ಪ್ರೋಟೀನ್, ಡಿ ಜೀವಸತ್ವ, ಮುಳ್ಳು ಸಮೇತ ಅಗಿದರೆ ಕ್ಯಾಲ್ಸಿಯಂ. ಬಂಗುಡೆಯೂ ಒಳ್ಳೆಯದೇ. ಪಾಂಪ್ಲೆಟ್, ಸುರಮಯಿಗೆ ದುಡ್ಡು ಸುರಿಯುವ ನಮ್ಮ ಜನ ಬೂತಾಯಿಯನ್ನು ಬಡವರ ಮೀನೆಂದು ದೂರ ಇಡುತ್ತಾರೆ. ಅತಿಥಿ ಬಂದರೆ ಬೂತಾಯಿ ಗಸಿ ಬಡಿಸಲು ಸಂಕೋಚಪಡುವ ಮನೆಗಳನ್ನು ನಾನು ಬಲ್ಲೆ. ಕೆಂಪು ಮೆಣಸು, ಹುಳಿ, ಶುಂಠಿ ಹಾಕಿದ ಪುಳಿಮುಂಚಿಯಲ್ಲಿ ಬೆಂದ ಬೂತಾಯಿಗೆ ಸಾಟಿಯಿಲ್ಲ. ಎಣ್ಣೆಯಲ್ಲಿ ಕರಿಕಲಾಗುವಂತೆ ಹುರಿದರೆ ಮಾತ್ರ ಆ ಒಳ್ಳೆಯ ಕೊಬ್ಬು ಬಾಣಲೆಗೆ ಇಳಿದುಹೋಗುತ್ತದೆ.

ಬೂತಾಯಿಯ ಎಣ್ಣೆಗೆ ನಮ್ಮ ಕರಾವಳಿಯಲ್ಲಿ ದೊಡ್ಡ ಚರಿತ್ರೆಯೇ ಇದೆ. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, ಇಪ್ಪತ್ತನೇ ಶತಮಾನದ ಆರಂಭಕ್ಕೆ, ಮೀನುಗಾರಿಕೆ ವಿಭಾಗ ಕಟ್ಟಿದ ಫ್ರೆಡರಿಕ್ ನಿಕೋಲ್ಸನ್ ಬೂತಾಯಿಯನ್ನು ಕುದಿಸಿ ಹಿಂಡಿ ಎಣ್ಣೆ ತೆಗೆಯುವ ಕಸುಬನ್ನು ಮಲಬಾರಿನಿಂದ ಕೆನರಾದವರೆಗೆ ಬೆಳೆಸಿದರು. ಎಣ್ಣೆ ಚರ್ಮ ಹದಮಾಡಲು, ದೋಣಿಗೆ, ಸೋಪಿಗೆ ಹೋಯಿತು. ಹಿಂಡಿ ತೆಂಗಿನ, ಕಾಫಿಯ ತೋಟಕ್ಕೆ ಗೊಬ್ಬರವಾಯಿತು. ಇಂದೂ ಉಳ್ಳಾಲ, ಮುಕ್ಕದ ಕಡೆ ಮೀನೆಣ್ಣೆ, ಮೀನಿನ ಪುಡಿಯ ಕಾರ್ಖಾನೆಗಳಿವೆ. ಅಲ್ಲಿಂದ ಹೊರಡುವ ಸರಕಿನ ಬಹುಭಾಗ ಸಿಗಡಿ, ಸಾಕುಮೀನಿನ ಆಹಾರವಾಗುತ್ತದೆ. ಜಗತ್ತಿನ ಮಾತ್ರೆಗಳಿಗೆ ಎಣ್ಣೆ ಕೊಡುವುದರಲ್ಲಿ ಪೆರು ದೇಶದ ಕಡಲಿನ ಪುಟ್ಟ ಮೀನುಗಳ ಪಾಲು ದೊಡ್ಡದು. ಮುಂಬಯಿಗೆ ಕರಾವಳಿಯ ಮೊಗವೀರರು ಬಂದು 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದರು. ಮೀನನ್ನು ನಮಗಿಂತ ಬಲ್ಲವರು ಯಾರು? ಆ ಮೀನನ್ನು ನಮ್ಮ ಹೆಣ್ಣುಮಕ್ಕಳಿಗೆ ತಿಂಗಳ ಮೂರು ದಿನ ತಡೆದೆವು. ಆ ಕಟ್ಟನ್ನು ಇನ್ನಾದರೂ ಬಿಡಬೇಕು. ಮುಟ್ಟಿನಲ್ಲಿ ಮೀನು ತಿಂದರೆ ಕೆಡುಕಾಗುವುದಿಲ್ಲ.

ಡಬ್ಬಿಯೇ ಬೇಕೆಂದರೆ ಕೆಲವು ಎಚ್ಚರ. ಕಾಡ್ ಲಿವರ್ ಆಯಿಲ್ ಬೇರೆ, ಫಿಶ್ ಆಯಿಲ್ ಬೇರೆ. ಮೊದಲನೆಯದು ಮೀನಿನ ಪಿತ್ತಜನಕಾಂಗದ ಎಣ್ಣೆ, ಅದರಲ್ಲಿ ಎ ಜೀವಸತ್ವ ಹೆಚ್ಚು. ಗರ್ಭಿಣಿಯರಿಗೆ ಅದು ಅಪಾಯ, ಒಮೆಗಾ ಹೆಚ್ಚಾಗಲೆಂದು ಅದನ್ನು ನಾಲ್ಕೈದು ನುಂಗುವುದು ಯಾರಿಗೂ ಸಲ್ಲದು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು, ಮೀನು ಒಗ್ಗದವರು ಡಾಕ್ಟರಿಗೆ ಹೇಳದೆ ಮುಟ್ಟಬಾರದು. ನಮ್ಮ ಮೇ ತಿಂಗಳ ಸೆಕೆಯಲ್ಲಿ ಗ್ಯಾಸ್ ಒಲೆಯ ಮೇಲಿನ ಕಪಾಟಿನಲ್ಲಿಟ್ಟರೆ ಎಣ್ಣೆ ಕಮಟುತ್ತದೆ. ಒಂದು ಮಾತ್ರೆ ಚುಚ್ಚಿ ಮೂಸಿ ನೋಡಿ, ಕಮಟು ಬಂದರೆ ಎಸೆಯಿರಿ. ಊಟದ ಜೊತೆ ನುಂಗಿದರೆ ಮೀನಿನ ತೇಗು ಕಡಿಮೆ. ಇನ್ನು ನೋವಿನ ಮಾತ್ರೆಯನ್ನು ಪಾಪವೆಂದು ತಿಳಿಯುವುದೂ ಬೇಡ. ಮೆಫ್ಟಾಲ್‌ನಲ್ಲಿರುವ ಮೆಫೆನಾಮಿಕ್ ಆಮ್ಲ ಅಪರೂಪಕ್ಕೆ ಚರ್ಮದ ದದ್ದು, ಜ್ವರದ ತೀವ್ರ ಅಲರ್ಜಿ ತರಬಹುದೆಂದು 2023ರ ನವೆಂಬರಿನಲ್ಲಿ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಎಚ್ಚರಿಸಿತು. ಆಗ ಅನೇಕ ತಾಯಂದಿರು ಗಾಬರಿಯಿಂದ ಮಾತ್ರೆಯನ್ನೇ ಬಿಡಿಸಿದರು. ದದ್ದು ಕಂಡರೆ ನಿಲ್ಲಿಸಿ ಡಾಕ್ಟರಲ್ಲಿ ಹೋಗಬೇಕು ಎಂಬುದು ಅದರ ಅರ್ಥ, ಹುಡುಗಿ ನೋವು ತಿನ್ನಲಿ ಎಂಬುದಲ್ಲ. ಬಿಸಿನೀರಿನ ಚೀಲವನ್ನೂ ಕಡೆಗಣಿಸಬೇಡಿ. 2001ರ ಅಮೆರಿಕದ ಒಂದು ಪರೀಕ್ಷೆಯಲ್ಲಿ ಹೊಟ್ಟೆಗೆ ಅಂಟಿಸಿದ ಶಾಖದ ಪಟ್ಟಿ ಐಬುಪ್ರೊಫೇನ್‌ನಷ್ಟೇ ಉಪಶಮನ ಕೊಟ್ಟಿತ್ತು. ನನ್ನ ಅಮ್ಮನ ಕೈಯ ಶಾಖಕ್ಕೂ ಅರ್ಥವಿತ್ತು.

ಇಷ್ಟೆಲ್ಲ ಹೇಳಿದರೂ ನನಗೆ ಹೆಚ್ಚಿನ ಭಯ ಬೇರೆಯದು. ಮೀನೆಣ್ಣೆಯೋ ಶುಂಠಿಯೋ ಕೊಟ್ಟು ಒಂದು ವರ್ಷ, ಇನ್ನೊಂದು ಕಷಾಯ ಕೊಟ್ಟು ಇನ್ನೊಂದು ವರ್ಷ, ಹೀಗೆ ಕಾಲ ಹಾಕುವುದು. ಎಲ್ಲ ಮುಟ್ಟಿನ ನೋವೂ ಒಂದೇ ಅಲ್ಲ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆಲ್ಲೋ ಬೆಳೆಯುವ ಎಂಡೊಮೆಟ್ರಿಯೋಸಿಸ್ ಜಗತ್ತಿನಲ್ಲಿ ಸುಮಾರು 19 ಕೋಟಿ ಹೆಂಗಸರಿಗಿದೆ, ಹೆರುವ ವಯಸ್ಸಿನ ಹತ್ತರಲ್ಲಿ ಒಬ್ಬರಿಗೆ, ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಗುರುತಿಸುವುದಕ್ಕೇ ವರ್ಷಗಳು ಕಳೆಯುತ್ತವೆ, ಏಕೆಂದರೆ ಎಲ್ಲರೂ ಇದ್ದದ್ದೇ ಎನ್ನುತ್ತಾರೆ. ವರ್ಷದಿಂದ ವರ್ಷಕ್ಕೆ ಹೆಚ್ಚುವ ನೋವು, ಮುಟ್ಟು ನಿಂತ ಮೇಲೂ ಉಳಿಯುವ ನೋವು, ಮಲಮೂತ್ರ ಮಾಡುವಾಗಿನ ನೋವು, ಗಂಡನ ಜೊತೆ ಕೂಡುವಾಗಿನ ನೋವು, ಮಾತ್ರೆಗೂ ಬಗ್ಗದ ನೋವು, ತಾಸಿಗೊಂದು ಪ್ಯಾಡ್ ತೊಯ್ಯುವ ಸ್ರಾವ, ಮೂವತ್ತೈದರ ಮೇಲೆ ಹೊಸದಾಗಿ ಶುರುವಾದ ನೋವು: ಇವಕ್ಕೆ ಡಬ್ಬಿ ಮದ್ದಲ್ಲ.

ನೋವನ್ನು ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಮಹಾರಾಷ್ಟ್ರದ ಬೀಡ್ ಜಿಲ್ಲೆ ತೋರಿಸಿದೆ. ಕಬ್ಬು ಕಡಿಯುವ ಹೆಂಗಸರಿಗೆ ಮುಟ್ಟಿನ ನೋವಿಗೆ ರಜೆ ಹಾಕಿದರೆ ಕೂಲಿ ಕಡಿತ. ಗದ್ದೆಯ ಬದಿಯ ಟೆಂಟಿನಲ್ಲಿ ಶೌಚಾಲಯವಿಲ್ಲ. 2019ರಲ್ಲಿ ಸರ್ಕಾರದ ಸಮಿತಿ ವಿಚಾರಿಸಿದಾಗ, 82 ಸಾವಿರ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಆರಂಭದಲ್ಲೇ ಯಾರಾದರೂ ಕೂರಿಸಿ ಕೇಳಿದ್ದರೆ, ಸರಿಯಾದ ಮಾತ್ರೆ ಕೊಟ್ಟಿದ್ದರೆ, ಎರಡು ದಿನದ ಕೂಲಿ ಕೊಟ್ಟಿದ್ದರೆ, ಅವರಲ್ಲಿ ಎಷ್ಟೋ ಮಂದಿಯ ಒಡಲು ಉಳಿಯುತ್ತಿತ್ತು. ಕರ್ನಾಟಕ ಸರ್ಕಾರದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ದುಡಿಯುವ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು, ಖಾಸಗಿ ಕಂಪನಿಗಳನ್ನೂ ಸೇರಿಸಿ. ಬಿಹಾರದಲ್ಲಿ 1992ರಿಂದ ಸರ್ಕಾರಿ ನೌಕರರಿಗೆ ತಿಂಗಳಿಗೆ ಎರಡು ದಿನ ಇದೆ. ಮುಂಬ್ರಾದಲ್ಲಿ ಮನೆಯಲ್ಲೇ ಕೂತು ತುಂಡಿಗಿಷ್ಟು ಎಂದು ಹೊಲಿಯುವ ಹೆಂಗಸಿಗೆ ಯಾವ ರಜೆಯೂ ಇಲ್ಲ. ಅವಳ ನೋವನ್ನು ಲೆಕ್ಕ ಇಡುವವರು ಮನೆಯವರೇ ಆಗಬೇಕು.

ಆದ್ದರಿಂದ ಕೆಳಗಿನ ಮನೆಯ ಹುಡುಗಿಗೆ ನಾನು ಕೊಟ್ಟದ್ದು ಒಂದು ನೂರು ಪುಟದ ನೋಟ್‌ಬುಕ್. ತಾರೀಕು ಬರಿ, ನೋವಿಗೆ ಹತ್ತರಲ್ಲಿ ಎಷ್ಟು ಎಂದು ಬರಿ, ಎಷ್ಟು ಮಾತ್ರೆ ನುಂಗಿದೆ, ಕಾಲೇಜಿಗೆ ಹೋದೆಯೋ ಇಲ್ಲವೋ ಬರಿ ಎಂದೆ. ವಾರಕ್ಕೆ ಎರಡು ಮೂರು ಸಲ ತಾರ್ಲಿ ಅಥವಾ ಬಾಂಗ್ಡಾ ತರುವುದೆಂದು ತಾಯಿ ಒಪ್ಪಿದರು. ಡಬ್ಬಿಯನ್ನು ಡಾಕ್ಟರಿಗೆ ತೋರಿಸಿ, ಅವರು ಹೇಳಿದಷ್ಟು, ಮೂರು ಮುಟ್ಟು ಕಳೆಯುವವರೆಗೆ. ಅಂಕಿ ಇಳಿದರೆ ಮುಂದುವರಿಸಲಿ, ಇಳಿಯದಿದ್ದರೆ ದುಡ್ಡು ಹಾಕುವುದು ನಿಲ್ಲಿಸಲಿ. ಹುಡುಗಿ ಮೊದಲ ಪುಟದಲ್ಲಿ ಕಳೆದ ತಿಂಗಳ ನೋವಿಗೆ ಒಂಬತ್ತು ಎಂದು ಬರೆದಳು. ತಾಯಿ ಅದನ್ನು ನೋಡಿ, “ಇಷ್ಟ್ ಇರ್ತದಂತ ನಂಗ ಹೇಳೇ ಇಲ್ಲ” ಎಂದರು. ಹುಡುಗಿ ಸುಮ್ಮನೆ ತಾಯಿಯ ಕೈ ಹಿಡಿದುಕೊಂಡಳು.

ಓದುವವರಲ್ಲಿ ತಂದೆಯರೂ ಇದ್ದೀರಿ, ಅಣ್ಣಂದಿರೂ ಇದ್ದೀರಿ. ಇಂದು ರಾತ್ರಿ ಊಟವಾದ ಮೇಲೆ ಮನೆಯ ಹುಡುಗಿಯನ್ನು ಕೇಳಿ: ನಿನಗೆ ಎಷ್ಟು ನೋಯುತ್ತದೆ? ಅವಳ ಅಂಕಿ ದೊಡ್ಡದಿದ್ದರೆ, ಸ್ತ್ರೀರೋಗ ವಿಭಾಗವಿರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಳವಾದಲ್ಲಿ ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆ ಇದೆ. ಮುಂಬ್ರಾದಿಂದ ಅದು ಒಂದೇ ನಿಲ್ದಾಣ.